ಕಾರಿನ ಹಿಂದಿನ ಮನೆ

ಲೀಸ್ಬೆತ್ ಮತ್ತೆ ಹೋಗಿ ಮೋಟಾರ್‌ಹೋಮಿನ ಚಾಲಕನ ಸೀಟಿನಲ್ಲಿ ಕೂತಿದ್ದಳು. ಎರಡೂ ಕೈ ಸ್ಟೀರಿಂಗ್ ಮೇಲೆ. ಅವಳ ಗಂಡ ರೂಲೊಫ್‌ಗೆ ಆ ನೋಟವೇ ಹಿಡಿಸಲಿಲ್ಲ.

ಬೇಸಿಗೆ ರಜೆ ಹತ್ತಿರ ಬಂದಿತ್ತು. ಮೆಪ್ಪೆಲ್ ಊರಾಚೆಯ, ಇಂಥ ಗಾಡಿಗಳನ್ನು ಮಾರುವ ಮಳಿಗೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಸಾಲಿನಲ್ಲಿ ಮೋಟಾರ್‌ಹೋಮುಗಳು, ಎಂಜಿನ್ನೂ ಹಾಸಿಗೆಯೂ ಒಂದೇ ಮೈಯಲ್ಲಿ. ಎದುರು ಸಾಲಿನಲ್ಲಿ ಕ್ಯಾರವಾನುಗಳು, ಕಾರಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ ಬರೀ ಮನೆಗಳು. ಯಾವುದು ಮೇಲೆಂದು ಗಂಡ ಹೆಂಡಿರು ಅಲ್ಲಲ್ಲೇ ನಿಂತು ಜಗ್ಗಾಡುತ್ತಿದ್ದರು.

“ಇದನ್ನೇ ತಗೊಳ್ಳೋಣ ರೂಲೊಫ್,” ಎಂದಳು ಲೀಸ್ಬೆತ್. “ಮಳೆ ಬಂದ್ರೂ ಯಾರೂ ಕೆಳಗಿಳಿಯೋದೇ ಬೇಡ.”

ರೂಲೊಫ್ ಬೇರೆ ಲೆಕ್ಕ ಹಾಕುತ್ತಿದ್ದ. ಮದುವೆಗೆ ಮುಂಚೆ ಅವಳು ಅಪ್ಪನ ಹೂವಿನ ಲಾರಿ ಓಡಿಸುತ್ತಿದ್ದವಳು. ಇಂಥ ಗಾಡಿ ಅವಳ ಕೈಗೆ ಸಿಕ್ಕರೆ, ಕೀಲಿ ತಿರುಗಿಸಿದರಾಯಿತು, ಮನೆ ಮಕ್ಕಳು ಎಲ್ಲ ಒಟ್ಟಿಗೇ ಹೊರಟುಬಿಡುತ್ತವೆ. ಕ್ಯಾರವಾನ್ ಹಾಗಲ್ಲ. ಕೊಂಡಿ ಬಿಚ್ಚಿದರೆ ಅದು ಇದ್ದಲ್ಲೇ ಇರುತ್ತದೆ, ಒಳಗಿದ್ದವರೂ ಇದ್ದಲ್ಲೇ ಇರುತ್ತಾರೆ. ಕಾರಿನ ಕೀಲಿ ಇದ್ದವನು ಮಾತ್ರ ಹೋಗಿ ಬರಬಹುದು.

ಕಳೆದ ಚಳಿಗಾಲ, ಊಟಕ್ಕೆ ಕೂತಾಗ, ಮಕ್ಕಳನ್ನು ಕರೆದುಕೊಂಡು ಅಕ್ಕನ ಮನೆಯಲ್ಲಿ ಸ್ವಲ್ಪ ದಿನ ಇರುತ್ತೇನೆ ಎಂದಿದ್ದಳು. ರೂಲೊಫ್ ನಕ್ಕುಬಿಟ್ಟಿದ್ದ. ಮರುದಿನದಿಂದ ಕಾರಿನ ಕೀಲಿ ಅವನ ಜೇಬು ಬಿಟ್ಟು ಕದಲಿರಲಿಲ್ಲ. ಅವಳು ಹೋಗಕೂಡದು. ಅವನಿಗೆ ಬೇಕಿದ್ದದ್ದು ಅದೊಂದೇ.

“ಲಾರಿ ಓಡಿಸಿದ್ದು ಸಾಕು, ಇಳಿ ಕೆಳಗೆ,” ಎಂದ. “ಕ್ಯಾರವಾನೇ ತಗೊಳ್ಳೋದು.”

ಅವಳು ಬೇಡಿಕೊಂಡಳು, ಕಣ್ಣು ಒದ್ದೆ ಮಾಡಿಕೊಂಡಳು, ಕೊನೆಗೆ ಸೀಟಿನಿಂದ ಇಳಿದಳು. ಆ ಮನೆಯಲ್ಲಿ ಪರದೆಯ ಬಣ್ಣದಿಂದ ಹಿಡಿದು ಎಲ್ಲದರಲ್ಲೂ ಹಾಗೇ. ಅವಳು ಯಾವುದನ್ನು ಬೇಕೆಂದಳೋ, ರೂಲೊಫ್ ಅದರ ಪಕ್ಕದ್ದನ್ನು ಕೊಳ್ಳುತ್ತಿದ್ದ.

ಭಾನುವಾರ ಖಾಲಿ ಬಿದ್ದಿದ್ದ ಅಂಗಡಿಯೊಂದರ ಅಂಗಳದಲ್ಲಿ ಕೊಂಡಿ ಹಾಕಿ ಬಿಚ್ಚುವ ಅಭ್ಯಾಸ ನಡೆಯಿತು. ಕೊಂಡಿಯ ಹಿಡಿಯನ್ನು ಮೇಲೆತ್ತಲು ಅವಳು ಎಷ್ಟು ತಿಣುಕಿದರೂ ಆಗಲಿಲ್ಲ.

“ನನ್ನ ಕೈಲಾಗಲ್ಲಪ್ಪ.”

“ಆಲೂಗಡ್ಡೆ ಹಿಸುಕೋ ಕೈ. ಇನ್ನೇನಾಗುತ್ತೆ?”

ಹಾಗಾಗಿ ಕೆಲಸ ಹಂಚಿಹೋಯಿತು. ಕೊಂಡಿಯ ಬಳಿ ಅವನು, ಸ್ಟೀರಿಂಗಿಗೆ ಅವಳು. ಅವನು ಹಿಂದೆ ಎಂದರೆ ಹಿಂದೆ, ಮುಂದೆ ಎಂದರೆ ಮುಂದೆ. ಮುಗಿದ ಕೂಡಲೇ ಕೀಲಿ ವಾಪಸು. ಅವಳ ವಿಧೇಯತೆ ಕಂಡು ರೂಲೊಫ್‌ಗೆ ಖುಷಿಯೇ ಆಯಿತು.

ಡೆನ್ಮಾರ್ಕಿನ ಕಡಲ ತೀರದಲ್ಲಿ ರಜೆ ಕಳೆಯುತ್ತೇವೆ ಎಂದು ಅವಳಿಗೂ ಅವಳ ಅಕ್ಕನಿಗೂ ಹೇಳಿದ್ದ. ಆದರೆ ಅವನು ಬಾಡಿಗೆಗೆ ಹಿಡಿದದ್ದು ಸ್ವೀಡನ್ನಿನ ಕಾಡಿನೊಳಗೆ, ಕೆರೆಯ ಪಕ್ಕದ ಒಂದು ತುಂಡು ಜಾಗ. ಯಜಮಾನ ಒಬ್ಬ ಮುದುಕ. ಅಲ್ಲಿ ಫೋನ್ ಸಿಗುವುದಿಲ್ಲ, ಅಂಗಡಿಗೆ ಕಾರಿಲ್ಲದೆ ಹೋಗಲಾಗುವುದಿಲ್ಲ. ಬಾಡಿಗೆ ರಜೆಯ ಮಟ್ಟಿಗಲ್ಲ, ಮುಂದಿನ ವಸಂತದವರೆಗೆ. ನೌಕರಿಯನ್ನು ಸದ್ದಿಲ್ಲದೆ ಬಿಟ್ಟಿದ್ದ. ಮಕ್ಕಳ ಉಣ್ಣೆ ಕೋಟುಗಳನ್ನೂ ಬಾಡಿಗೆಯ ಕರಾರು ಪತ್ರವನ್ನೂ ಕ್ಯಾರವಾನಿನ ಹಾಸಿಗೆಯ ಕೆಳಗೆ ತಾನೇ ತುರುಕಿದ್ದ. ಒಂದು ಚಳಿಗಾಲ ಅಲ್ಲಿ ಕಳೆದರೆ ಅಕ್ಕನ ಮನೆಯ ಹುಚ್ಚು ತಾನಾಗಿ ಇಳಿಯುತ್ತದೆ.

ಡೆನ್ಮಾರ್ಕ್ ಹಿಂದೆ ಬಿತ್ತು. ಸ್ವೀಡನ್ನಿಗೆ ಹೋಗುವ ದೊಡ್ಡ ಸೇತುವೆ ದಾಟಿದರು. ನಾವು ಇಳಿಯೋ ಕಡಲ ತೀರ ಎಲ್ಲಿ ಎಂದು ಮಕ್ಕಳು ಕೇಳಿದವು. ಲೀಸ್ಬೆತ್ ಏನನ್ನೂ ಕೇಳಲಿಲ್ಲ, ಅಪ್ಪ ಗಾಡಿ ಓಡಿಸುವಾಗ ತಲೆ ತಿನ್ನಬೇಡಿ ಎಂದು ಮಕ್ಕಳನ್ನು ಸುಮ್ಮನಾಗಿಸಿದಳು. ಹೆದರಿದ್ದಾಳೆ ಎಂದುಕೊಂಡ ರೂಲೊಫ್. ಹೆದರಲಿ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಕಾಡಿನ ಮಣ್ಣುದಾರಿ ಮುಗಿದು ಕೆರೆ ಕಾಣಿಸಿತು. ಸುತ್ತ ಪೈನ್ ಮರಗಳು, ಕಪ್ಪು ನೀರು. ಒಂದು ನಾಯಿ ಬೊಗಳುವ ಸದ್ದೂ ಇಲ್ಲ. ಮಕ್ಕಳು ನೀರಿಗೋಡಲು ಹಾತೊರೆದವು.

“ಬೆಲ್ಟ್ ಬಿಚ್ಚಬೇಡಿ,” ಎಂದಳು ಲೀಸ್ಬೆತ್. “ಅಪ್ಪ ಕೊಂಡಿ ಬಿಚ್ಚೋವರೆಗೂ ಕೂತಿರಿ.”

ಸರಿಯಾದ ಮಾತೇ ಅನಿಸಿತು ರೂಲೊಫ್‌ಗೆ. ಅವನು ಇಳಿದ. ದಾರಿ ತೋರಿಸುತ್ತಿದ್ದ ಅವನ ಫೋನು ಸ್ಟೀರಿಂಗಿನ ಪಕ್ಕದಲ್ಲೇ ಉಳಿಯಿತು, ಜಾಕೆಟ್ಟು ಸೀಟಿನ ಮೇಲೆ. ಅವಳಿಗೆ ಕೀಲಿ ಕೊಟ್ಟು ಹಿಂದಕ್ಕೆ ನಡೆದ. ಜಿಟಿಜಿಟಿ ಮಳೆ ಹಿಡಿದಿತ್ತು. ಕ್ಯಾರವಾನಿನ ಬ್ರೇಕ್ ಎಳೆದ, ಮುಂದಿನ ಪುಟ್ಟ ಗಾಲಿಯನ್ನು ನೆಲಕ್ಕಿಳಿಸಿದ, ದೀಪದ ತಂತಿ ಕಿತ್ತ. ಇಳಿಜಾರಿಗೆ ಕೊಂಡಿ ಬಿಗಿದುಕೊಂಡಿತ್ತು.

“ಒಂಚೂರು ಹಿಂದೆ.”

ಕಾರು ಒಂಚೂರು ಹಿಂದೆ ಬಂತು. ಹಿಡಿ ಎತ್ತಿದ. ಕೊಂಡಿ ಕಳಚಿತು.

“ಹ್ಞಾಂ, ಮುಂದೆ. ಸಾಕು. ನಿಲ್ಲು.”

ಕಾರು ನಿಲ್ಲಲಿಲ್ಲ.

“ನಿಲ್ಲು ಅಂದ್ನಲ್ಲ!”

ಅದು ಅವಸರವನ್ನೂ ಮಾಡಲಿಲ್ಲ. ಬಯಲನ್ನು ಅರ್ಧ ಸುತ್ತಿ, ಬಂದ ದಾರಿಯನ್ನೇ ಸೇರಿ, ತಿರುವಿನಲ್ಲಿ ಇಂಡಿಕೇಟರ್ ಹಾಕಿಕೊಂಡು ಮರಗಳ ಹಿಂದೆ ಮರೆಯಾಯಿತು.

ರೂಲೊಫ್ ಓಡಿದ, ಎಡವಿದ, ಏದುಸಿರು ಬಿಡುತ್ತ ಹಿಂತಿರುಗಿದ. ಕ್ಯಾರವಾನಿನ ಮೆಟ್ಟಿಲ ಮೇಲೆ ಕೂತು ತನಗೆ ತಾನೇ ಸಮಾಧಾನ ಹೇಳಿಕೊಂಡ. ಎಲ್ಲಿದ್ದೇನೆ ಎಂಬುದೇ ಅವಳಿಗೆ ಗೊತ್ತಿಲ್ಲ. ಏನೋ ತಲೆಕೆಟ್ಟು ಹೊರಟಿದ್ದಾಳೆ. ಕಾಡಿನಲ್ಲಿ ದಾರಿ ತಪ್ಪಿ, ಅಳುತ್ತ, ಕತ್ತಲಾಗುವ ಮುಂಚೆ ಬಂದೇ ಬರುತ್ತಾಳೆ. ಆಮೇಲೆ ನೋಡಿಕೊಂಡರಾಯಿತು.

ಸ್ವಲ್ಪ ಹೊತ್ತಿಗೆ ಎಂಜಿನ್ ಸದ್ದು ಕೇಳಿತು. ನೋಡಿದರೆ ಟ್ರ್ಯಾಕ್ಟರು. ಜಾಗದ ಯಜಮಾನ ಇಳಿದುಬಂದು, ಟೋಪಿ ಸರಿಸಿ ವಂದಿಸಿ, ಸೌದೆಯ ಪುಟ್ಟ ಕಟ್ಟೊಂದನ್ನು ಅವನ ಕಾಲ ಬಳಿ ಇಟ್ಟ. ನಾಲ್ಕು ಜನರಿಗೆ ಇಷ್ಟೇನಾ ಎಂದು ರೂಲೊಫ್ ಸಿಡುಕಿದ. ಮುದುಕ ಅರ್ಥವಾಗದವನಂತೆ ಅವನ ಮುಖವನ್ನೇ ನೋಡಿದ.

“ಹೋದ ವಾರ ನಿಮ್ಮ ಹೆಂಡತಿ ಫೋನ್ ಮಾಡಿದ್ರಲ್ಲ ಸ್ವಾಮಿ. ವಸಂತದವರೆಗೂ ನೀವೊಬ್ಬರೇ ಇರೋದು, ಸ್ವಲ್ಪ ಸೌದೆ ಸಾಕು ಅಂದ್ರು.”