ಕರ್ಚೀಫು ಹಾಕಿದ ಸೀಟು

ಕೃಪಾಳ ಬೆರಳು ಪರದೆಯ ಮೇಲಿನ ಒಂದು ಸಾಲಿನ ಹತ್ತಿರ ನಿಂತುಬಿಟ್ಟಿತು. ಪ್ರೋಗ್ರಾಮುಗಳಿಗೆ ಮೆಮೊರಿ ಹಂಚಿ, ಕೆಲಸ ಮುಗಿದ ಮೇಲೆ ಹಿಂದಕ್ಕೆ ಪಡೆಯುವ ಆ ಕೋಡನ್ನು ಬರೆದವನು ಮೊದಲು ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಗುರುಸಿದ್ದ. ನಡುವೆ ಅವನದೇ ಟಿಪ್ಪಣಿ: ‘ಎದ್ದು ಹೋಗೂಮುಂದ ಬಸ್ ಸೀಟಿನ ಮ್ಯಾಲಿನ ಕರ್ಚೀಫು ತೆಗೀಬೇಕು.’ ಅದರ ಕೆಳಗೆ ತೆಗೆಯುವ ಕೋಡೇ ಇರಲಿಲ್ಲ. ಹೇಳಿ ಮರೆಯುವುದು ಅವನಿಗೆ ಹೊಸದಲ್ಲ. ವಾರವಿಡೀ ಸರ್ವರ್ ಉಸಿರುಗಟ್ಟಿ ಬೀಳುತ್ತಿದ್ದುದು ಇದಕ್ಕೇ.

“ನೋಡು, ಕೂತವರು ಹೋಗ್ಯಾರ, ಕರ್ಚೀಫು ಹಂಗೇ ಐತಿ. ಜಾಗಾ ಖಾಲಿ ಅಂತ ಯಾರಿಗೂ ಗೊತ್ತಾಗಂಗಿಲ್ಲ,” ಎಂದು ಹೊಸದಾಗಿ ಸೇರಿದ ಲಹರಿಗೆ ತೋರಿಸಿ, ಬಿಟ್ಟುಹೋಗಿದ್ದ ಸಾಲನ್ನು ತಾನೇ ಬರೆದಳು. ಮತ್ತೆ ಓಡಿಸಿದಾಗ ಪರದೆಯ ಮೇಲೆ ಮೆಮೊರಿ ಬಳಕೆಯ ಗೆರೆ ಏರಿದಷ್ಟೇ ಸಲೀಸಾಗಿ ಇಳಿಯಿತು.

ಅಷ್ಟೊತ್ತೂ ನಿಂತೇ ನೋಡುತ್ತಿದ್ದ ಲಹರಿ ಪಕ್ಕದ ಕುರ್ಚಿಯ ಮೇಲೆ ಕೈಯಿಟ್ಟಳು. ಅದರ ಬೆನ್ನಿಗೆ ಬೂದು ಬಣ್ಣದ ಸ್ವೆಟರ್ ತೂಗುತ್ತಿತ್ತು. ದೀಪಾವಳಿಗೆ ಮುಂಚೆ ಪುಣೆಯ ಕೆಲಸಕ್ಕೆ ಹೊರಟ ಗುರುಸಿದ್ದ, “ಇರಲಿ ಬಿಡು, ಬಂದು ಒಯ್ತೀನಿ” ಎಂದಿದ್ದ. ಈಗ ಕಿಟಕಿಯಾಚೆ ಕೂಕಟ್‌ಪಲ್ಲಿಯ ಬೀದಿ ಮೇ ತಿಂಗಳ ಬಿಸಿಲಿಗೆ ಕಾದು ಕುಳಿತಿತ್ತು.

“ಅಕ್ಕಾ, ಇಲ್ಲಿ ಯಾರರೆ ಕುಂದರತಾರೇನ್ರಿ?”

ಕೃಪಾ ಎದ್ದು ಸ್ವೆಟರ್ ತೆಗೆದಳು. ಧೂಳು ಕೊಡವಿ, ತೋಳುಗಳನ್ನು ಒಳಕ್ಕೆ ಮಡಚಿ, ಮತ್ತೆ ಅದೇ ಕುರ್ಚಿಯ ಮೇಲಿಟ್ಟಳು. ಆಮೇಲೆ ತನ್ನ ಕುರ್ಚಿಯನ್ನು ಲಹರಿಯ ಕಡೆಗೆ ತಳ್ಳಿದಳು.

“ನೀ ಇದರಾಗ ಕುಂದ್ರು. ಅಲ್ಲಿ ಕುಂದ್ರವ್ರು ಬರ್ತಾರ.”