ಅಪ್ಪನ ಕಂಟ್ರೋಲರ್

ಅಗ್ಗದ ವಿಡಿಯೋ ಗೇಮ್ ಕಂಟ್ರೋಲರ್‌ನ ರಬ್ಬರ್ ವಾಸನೆ ಬಂದರೆ ಈಗಲೂ ಹನೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಫೈಟಿಂಗ್ ಗೇಮ್ ಆಡುವಾಗ ಅಪ್ಪ ಒರಿಜಿನಲ್ ಕಂಟ್ರೋಲರನ್ನು ನನಗೆ ಕೊಟ್ಟು, ಕೊಳ್ಳೇಗಾಲದಿಂದ ತಂದ ಡೂಪ್ಲಿಕೇಟನ್ನು ತಾವು ಹಿಡಿಯುತ್ತಿದ್ದರು. "ಎಲ್ಡೂ ಒಂದೇ ಕಣವ್ವ" ಅನ್ನುತ್ತಿದ್ದರು. ದಿನವೂ ಸೋಲುತ್ತಿದ್ದರು.

ಆ ಮಧ್ಯಾಹ್ನ, ತೀರಿಕೊಂಡ ಅಪ್ಪನಿಗೆ ವಿಭೂತಿ ಹಚ್ಚಿ, ಹಾರ ಹಾಕಿ, ನಮ್ಮವರ ಪದ್ಧತಿಯಂತೆ ಜಗಲಿಯ ಗೋಡೆಗೆ ಒರಗಿಸಿ ಕೂರಿಸಿದ್ದರು. "ಮಕ್ಳು ಒಳ್ಗೆ ಆಡ್ಕಳ್ಲಿ, ಸೌಂಡು ಬ್ಯಾಡ" ಎಂದು ಅತ್ತೆ ಟೀವಿ ಹಾಕಿಕೊಟ್ಟರು. ಅತ್ತೆಯ ಮಗನಿಗೆ ಒರಿಜಿನಲ್ ಕೊಟ್ಟು, ಅಪ್ಪನದನ್ನು ನಾನು ಹಿಡಿದೆ. ರಬ್ಬರ್ ಹಿಡಿ ಬೆವರಿಗೆ ಅಂಟಂಟಾಗಿತ್ತು.

ಎಷ್ಟು ಒತ್ತಿದರೂ ನನ್ನ ಫೈಟರ್ ಒದೆಯಲಿಲ್ಲ.

"ಅದ್ರಲ್ಲಿ ಮದ್ಲಿಂದ್ಲೂ ಕಿಕ್ ಬರಲ್ಲ. ಮಾವ ಯೋಳ್ನಿಲ್ವಾ?" ಎಂದ ಅತ್ತೆಯ ಮಗ.

ನಾನು ಬಾಗಿಲಾಚೆ ನೋಡಿದೆ. ಅಪ್ಪ ಕೂತೇ ಇದ್ದರು.