ಸೋರುವ ಸ್ವರ

ಸುಂದರ ಫೋನನ್ನು ಜಗಲಿಯ ಮೇಲಿಟ್ಟು, "ಇದು ನಲವತ್ತು ದಿನದ ಹಿಂದಿನದ್ದು. ಇದು ನಿನ್ನೆಯದ್ದು. ಯಾವುದು ಒಳ್ಳೆದುಂಟು, ಹೇಳು" ಎಂದ. ಎರಡು ರೆಕಾರ್ಡಿಂಗಿನಲ್ಲೂ ಸ್ಯಾಕ್ಸೋಫೋನು ಒಂದೇ ರೀತಿ ಕೊಂಚ ದೂರ ಹೋಗಿ, ನಡುಗಿ, ಪುಸ್ಸೆಂದು ಗಾಳಿ ಬಿಟ್ಟು ನಿಂತಿತು.

ಅವನು ಕೇಳಿದ್ದು ಮಾಧವನನ್ನು. ಇಪ್ಪತ್ತೆರಡು ವರ್ಷ ಮದುವೆ, ಪೂಜೆಗಳಲ್ಲಿ ಸುಂದರನ ಪಕ್ಕ ಕುಳಿತು ಡೋಲು ಬಾರಿಸಿದವನು ಅವನು. ಮೂರು ತಿಂಗಳ ಹಿಂದೆ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ಸುಂದರನಿಗೆ ನೀರು ನಿಲ್ಲಲಿಲ್ಲ, ಬಲಗಡೆಯಿಂದ ಇಳಿದುಹೋಯಿತು. ಕನ್ನಡಿ ನೋಡಿದರೆ ಅರ್ಧ ಮುಖ ಜೋತುಬಿದ್ದಿತ್ತು. ಮುಖದ ನರಕ್ಕೆ ತೊಂದರೆಯಾಗಿದೆ, ನಿಧಾನಕ್ಕೆ ಸರಿಹೋಗಬಹುದು, ಪೂರ್ತಿ ಸರಿಯಾಗುತ್ತದೋ ಇಲ್ಲವೋ ಹೇಳಲಾಗದು ಎಂದರು ಮಣಿಪಾಲದ ಡಾಕ್ಟರು. ವಾದ್ಯ ಹಿಡಿಯುವಷ್ಟು ಸುಧಾರಿಸಿದಂದಿನಿಂದ ಮಾಧವ ಪ್ರತಿ ಸಂಜೆ ಐದಕ್ಕೆ ಕಾಪುವಿನಿಂದ ಸ್ಕೂಟರಿನಲ್ಲಿ ಬೆಳ್ಮಣ್ಣಿಗೆ ಬರುತ್ತಿದ್ದ. ದಾರಿಯಲ್ಲಿ, ಹಿಂದೊಮ್ಮೆ ಬ್ಯಾಂಡಿನಲ್ಲಿದ್ದ ಶಿರ್ವದ ಟೈಲರ್ ಆಲ್ಫೋನ್ಸ್ ಹಿಂದಿನ ಸೀಟಿಗೆ ಹತ್ತುತ್ತಿದ್ದ. ಹದಿನೈದು ನಿಮಿಷ ಸುಂದರ ಊದುತ್ತಿದ್ದ. ಮುಗಿದ ಮೇಲೆ ಮಾಧವ, "ನಿನ್ನೆಗಿಂತ ಎಷ್ಟೋ ವಾಸಿ ಮಾರಾಯ" ಎನ್ನುತ್ತಿದ್ದ. ಆ ಒಂದು ಮಾತನ್ನು ನಂಬಿ ಸುಂದರ ಮರುದಿನ ಮತ್ತೆ ವಾದ್ಯ ಎತ್ತಿಕೊಳ್ಳುತ್ತಿದ್ದ.

"ನಲವತ್ತು ದಿನ ಸುಳ್ಳು ಹೇಳಿದೆಯಲ್ಲ" ಎಂದ ಸುಂದರ.

"ಸತ್ಯ ಹೇಳಿದ್ದರೆ ನೀನು ಬಿಟ್ಟುಬಿಡ್ತಿದ್ದೆ."

"ಬಿಟ್ಟರೆ ನಿನಗೆಂತ?"

ಮಾಧವ ನೆಲ ನೋಡಿದ. "ಈ ಸೀಸನ್ನಿನಲ್ಲಿ ಊದುವವರು ಬೇರೆ ಮೂರು ಜನರ ಪಕ್ಕ ಕೂತೆ. ಡೋಲಿನ ಮೇಲೆ ನನ್ನ ಕೈ ಹೋಗುವುದಿಲ್ಲ."

ಸುಂದರ ಸ್ಯಾಕ್ಸೋಫೋನನ್ನು ಒರೆಸಲೂ ಇಲ್ಲ. ಪೆಟ್ಟಿಗೆಯಲ್ಲಿಟ್ಟು ಎರಡೂ ಕೊಂಡಿ ಹಾಕಿದ. "ನಾಳೆಯಿಂದ ಬರಬೇಡಿ. ಇಬ್ಬರೂ." ಚಹಾ ಹಿಡಿದುಕೊಂಡು ಬಂದ ಹೆಂಡತಿ ಬೇಬಿ ಬಾಗಿಲಲ್ಲೇ ನಿಂತಳು.

ಆಲ್ಫೋನ್ಸ್ ಎದ್ದುಹೋಗಿ ಅವಳ ಕೈಯಿಂದ ಒಂದು ಲೋಟ ತೆಗೆದುಕೊಂಡು ಬಂದು ಮತ್ತೆ ಕುಳಿತ. "ನಾನು ಯಾವತ್ತಾದರೂ ಒಳ್ಳೆದುಂಟು ಹೇಳಿದ್ದೇನಾ?"

"ನೀನು ಎಂತದೂ ಹೇಳುವುದಿಲ್ಲ."

"ಒಳ್ಳೆದಿಲ್ಲ, ಅದಕ್ಕೆ. ಕೇಳಲಿಕ್ಕೇ ಆಗುವುದಿಲ್ಲ." ಅವನು ಒಂದು ಗುಟುಕು ಕುಡಿದ. "ನನ್ನ ಮುಂದಿನ ಹಲ್ಲು ಹೋದಾಗ ನಾನೂ ಟ್ರಂಪೆಟನ್ನು ಹೀಗೆಯೇ ಪೆಟ್ಟಿಗೆಗೆ ಹಾಕಿದೆ. ಪಾಪ ಆಲ್ಫೋನ್ಸ್, ಸಾಕು ಬಿಡು, ಅಂತ ಎಲ್ಲರೂ ಹೇಳಿದರು. ಬ್ಯಾಂಡಿನವರು ಬೇರೆ ಒಬ್ಬನನ್ನು ಹಾಕಿಕೊಂಡರು. ಯಾರಾದರೂ ಬಂದು ಜಗಲಿಯಲ್ಲಿ ಸುಮ್ಮನೆ ಕೂತಿದ್ದರೆ ಊದುತ್ತಿದ್ದೆನೋ ಏನೋ. ಎಂಟು ವರ್ಷ ಆಯಿತು."

ಅವನು ಹಿಂದೆ ಟ್ರಂಪೆಟ್ ಊದುತ್ತಿದ್ದನೆಂದು ಸುಂದರನಿಗೆ ಗೊತ್ತಿತ್ತು. ಇಷ್ಟು ಗೊತ್ತಿರಲಿಲ್ಲ. ಆದರೂ ಅವನ ಸಿಟ್ಟು ಇಳಿಯಲಿಲ್ಲ. "ನೀನು ಹೇಳಿದ ಕೂಡಲೇ ಬಾಯಲ್ಲಿ ಗಾಳಿ ನಿಲ್ತದಾ? ಎರಡು ಕೈಯೂ ವಾದ್ಯದ ಮೇಲೆ ಇರ್ತದೆ. ಈ ಕೆನ್ನೆಯನ್ನು ಹಿಡಿಯುವುದು ಯಾರು, ನಿನ್ನಪ್ಪನಾ?"

ಆಲ್ಫೋನ್ಸ್ ಲೋಟ ಕೆಳಗಿಟ್ಟ. ಅಂಗಳದ ನಳ್ಳಿಯಲ್ಲಿ ಕೈ ತೊಳೆದು ಪ್ಯಾಂಟಿಗೆ ಒರೆಸಿಕೊಂಡು ಬಂದ. "ತೆಗಿ ಅದನ್ನು" ಎಂದ.

ಸುಂದರ ಕೊಂಡಿ ಬಿಚ್ಚಿ ವಾದ್ಯ ಎತ್ತಿಕೊಂಡ. ಆಲ್ಫೋನ್ಸನ ಕೈ ಮುಖದ ಹತ್ತಿರ ಬಂದಾಗ ಅವನು ತಲೆ ಹಿಂದಕ್ಕೆ ಎಳೆದುಕೊಂಡ. ಆ ಕೆನ್ನೆಯನ್ನು ಅವನು ಗಡ್ಡ ತೆಗೆಯುವಾಗಲೂ ಸರಿಯಾಗಿ ನೋಡುತ್ತಿರಲಿಲ್ಲ. ಆಲ್ಫೋನ್ಸ್ ಕಾದ. ಆಮೇಲೆ ಅಂಗೈಯನ್ನು ಕೆನ್ನೆಗೆ ಒತ್ತಿ, ಹೆಬ್ಬೆರಳನ್ನು ಬಾಯಿಯ ಬಲ ಮೂಲೆಗೆ ಆನಿಸಿದ. ಸುಂದರ ಊದಿದ. ಸ್ವರ ತೆಳ್ಳಗಿತ್ತು, ಅಲುಗುತ್ತಿತ್ತು, ಆದರೆ ಒಡೆಯಲಿಲ್ಲ. ಎಂಜಲು ಆಲ್ಫೋನ್ಸನ ಮಣಿಕಟ್ಟಿನವರೆಗೆ ಇಳಿಯಿತು. ಮಾಧವನ ಬೆರಳುಗಳು ಅವನಿಗೇ ತಿಳಿಯದೆ ತೊಡೆಯ ಮೇಲೆ ತಾಳ ಹಾಕತೊಡಗಿದವು. ಉಸಿರು ಮುಗಿದಾಗ ಹೇಗಿತ್ತೆಂದು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಬೇಬಿಯ ಕೈಯಲ್ಲಿದ್ದ ಎರಡು ಲೋಟ ಚಹಾ ಕೆನೆಗಟ್ಟಿತ್ತು.

ಮರುದಿನ ಐದಕ್ಕೆ ಸ್ಕೂಟರ್ ಬಂತು. ಅದರ ಮರುದಿನವೂ ಬಂತು. ಸುಂದರನ ಬಲಗಣ್ಣಿನ ರೆಪ್ಪೆ ಮುಚ್ಚುವಂತಾಯಿತು, ನಗುವಾಗ ಬಲಗಡೆ ತುಸು ಅಲ್ಲಾಡಿತು. ಬಾಯಿಯ ಮೂಲೆ ಮಾತ್ರ ಸಡಿಲವಾಗಿಯೇ ಉಳಿಯಿತು. ಫೆಬ್ರವರಿಯಲ್ಲಿ ಕಾರ್ಕಳದ ಒಂದು ಮದುವೆಯಲ್ಲಿ ಮಾಧವ ಮನೆಯವರನ್ನು ಕೇಳಿಕೊಂಡು ಬೆಳಗ್ಗಿನ ಅರ್ಧ ಗಂಟೆ ಸುಂದರನಿಗೆ ಕೊಡಿಸಿದ. ಧಾರೆಗೆ ಇನ್ನೂ ಹೊತ್ತಿತ್ತು, ನೆಂಟರು ಉಪಾಹಾರದ ಗಡಿಬಿಡಿಯಲ್ಲಿದ್ದರು. ಸುಂದರ ಊದಿದ, ಮಾಧವ ಬಾರಿಸಿದ. ಹಿಂದೆ ನಿಂತ ಆಲ್ಫೋನ್ಸ್ ಇಸ್ತ್ರಿ ಹಾಕಿದ ಬಿಳಿ ಅಂಗಿಯ ತೋಳು ಮಡಚಿ ಸುಂದರನ ಕೆನ್ನೆ ಹಿಡಿದುಕೊಂಡಿದ್ದ. ಕೆಲವರು ನೋಡಿ ನಕ್ಕರು. ಕೆಲವರು ಇಡ್ಲಿ ಕೈಯಲ್ಲಿ ಹಿಡಿದು ನಿಂತು ಕೇಳಿದರು.

ಫೋಟೋದವನು ಬಂದು ಕ್ಯಾಮೆರಾ ಎತ್ತಿದ, ಇಳಿಸಿದ. "ಅಣ್ಣ, ನೀವು ಸ್ವಲ್ಪ ಆಚೆ ನಿಲ್ತೀರಾ? ಬಾರಿಸುವವರದ್ದು ಮಾತ್ರ ಒಂದು ಬೇಕಿತ್ತು."

ಆಲ್ಫೋನ್ಸ್ ಕೈ ತೆಗೆಯಲಿಲ್ಲ.

"ಫೋಟೋ ತೆಗಿಯಿರಿ" ಎಂದ. "ಬಾರಿಸುವವರು ಮೂರು ಜನ ಉಂಟು."